ಕೊಡೆ ಮುದ್ದಯ್ಯನ ನೆರಳು

ಯುದ್ಧದಲ್ಲಿ ನಮ್ಮೂರ ಸೇತುವೆ ಒಂದೇ ಸಲ ಬಿತ್ತು. ಅದರ ನೆರಳು ಮಾತ್ರ ಆಮೇಲೂ ದಿನಾ ಬೀಳುತ್ತಲೇ ಇತ್ತು. ಮೇಲೆ ನೋಡಿದರೆ ಕಮಾನಿಲ್ಲ, ಕಂಬವಿಲ್ಲ, ಬರೀ ಆಕಾಶ. ಕೆಳಗೆ ನೋಡಿದರೆ ಬಡಗು ದಡದಿಂದ ತೆಂಕು ದಡದವರೆಗೆ ನೀರಿನ ಮೇಲೆ ಜಮಖಾನ ಹಾಸಿದ ಹಾಗೆ ಸೇತುವೆಯ ನೆರಳು. ಮೊದಲು ಅದರ ಮೇಲೆ ಕಾಲಿಟ್ಟದ್ದು ಒಂದು ಮೇಕೆ. ಅದು ಆರಾಮವಾಗಿ ದಾಟಿತು. ಅದನ್ನು ಬೈಯುತ್ತ ಹಿಂದೆಯೇ ಓಡಿದ ಒಡತಿಗೆ ತಾನು ಹೊಳೆಯ ಮೇಲೆ ಓಡುತ್ತಿದ್ದೇನೆಂದು ಗೊತ್ತಾದಾಗ ಅರ್ಧ ಹೊಳೆ ಮುಗಿದಿತ್ತು. ಹಿಂದೆ ಹೋಗುವುದೂ ಅಷ್ಟೇ ದೂರ, ಮುಂದೆ ಹೋಗುವುದೂ ಅಷ್ಟೇ ದೂರ ಎಂದುಕೊಂಡು ಮುಂದೆ ಹೋದಳು. ಮಾರನೆಯ ದಿನದಿಂದ ಊರಿಗೆ ಊರೇ ದಾಟತೊಡಗಿತು. ನಮ್ಮೂರಿನವರು ಯಾವುದಕ್ಕೂ ಹೆಚ್ಚು ಹೊತ್ತು ಆಶ್ಚರ್ಯಪಡುವ ಜನವಲ್ಲ. ಆಶ್ಚರ್ಯಪಟ್ಟುಕೊಂಡು ಕೂತರೆ ಸಂತೆಗೆ ಹೊತ್ತಾಗುತ್ತದೆ.

ನೆರಳೆಂದ ಮೇಲೆ ಒಂದೇ ಕಡೆ ಬಿದ್ದಿರುವುದಿಲ್ಲ. ಬೆಳಿಗ್ಗೆ ಅದು ಪಶ್ಚಿಮಕ್ಕೆ ವಾಲಿ ಅಗಸರ ಕಟ್ಟೆಯ ಹತ್ತಿರ ದಡ ಸೇರುತ್ತಿತ್ತು, ಮಧ್ಯಾಹ್ನ ಮುರಿದ ಸೇತುವೆಯ ಬುಡಕ್ಕೇ ಬರುತ್ತಿತ್ತು, ಸಂಜೆ ಪೂರ್ವಕ್ಕೆ ಹೊರಳಿ ಕುಂಬಾರರ ಗುಂಡಿಯ ಕಡೆ ಹೋಗುತ್ತಿತ್ತು. ಜನ ಎಲ್ಲಿ ಇಳಿಯುತ್ತಾರೋ ಅಲ್ಲಿ ಕಾಫಿ ಇರಬೇಕು. ಹಾಗಾಗಿ ನಾನು ಅಂಗಡಿಗೆ ಗಾಲಿ ಹಾಕಿಸಿದೆ. ಬೆಳಗಿನಿಂದ ಸಂಜೆಯವರೆಗೆ ಒಲೆ, ಹಾಲು, ಲೋಟಗಳ ಸಮೇತ ನೆರಳಿನ ಹಿಂದೆ ತಳ್ಳಿಕೊಂಡು ಹೋಗುವುದೇ ನನ್ನ ವ್ಯಾಪಾರ. ಬಿಸಿಲಿದ್ದಾಗ ದಾಟಬೇಕು, ಮೋಡ ಬಂದರೆ ಮುಳುಗಬೇಕು. ಅದಕ್ಕೆಂದೇ ಎಲ್ಲರೂ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ಹೊಳೆಯ ನಡುವೆ ಇಬ್ಬರು ಹೆಂಗಸರು ಸೊಸೆಯರ ವಿಷಯ ಮಾತಾಡುತ್ತ ನಿಂತಿದ್ದಾಗ ಮೋಡ ಬಂದರೆ ಇಬ್ಬರೂ ದುಡುಂ ಎಂದು ನೀರಿಗೆ ಬಿದ್ದು, ಬುರುಡೆಯ ಮೇಲೆ ತೇಲುತ್ತ, ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಮಾತು ಮುಂದುವರಿಸುತ್ತಿದ್ದರು. ತಡವಾಗಿ ಬಂದವರು, ಹೇಳಿದ ಕೆಲಸ ಮಾಡದವರು, ನೋಡಿದ ಹೆಣ್ಣನ್ನು ಬೇಡವೆಂದವರು, ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಮೋಡ ಬಂತು.’ ಇದಕ್ಕಿಂತ ಒಳ್ಳೆಯ ನೆಪ ಯಾವ ಊರಿಗೂ ಸಿಕ್ಕಿರಲಾರದು.

ಕಷ್ಟವೂ ಇತ್ತು, ಇಲ್ಲವೆನ್ನುವುದಿಲ್ಲ. ಎತ್ತುಗಳು ಏನು ಮಾಡಿದರೂ ನೆರಳಿನ ಮೇಲೆ ಕಾಲಿಡುತ್ತಿರಲಿಲ್ಲ. ಮನುಷ್ಯರಷ್ಟು ನಂಬಿಕೆ ಅವಕ್ಕಿಲ್ಲ. ಮಳೆಗಾಲದಲ್ಲಿ ಸೂರ್ಯ ಮುಖ ತೋರಿಸದಿದ್ದರೆ ಹರಿಗೋಲೇ ಗತಿ. ಆಸ್ಪತ್ರೆ ಇರುವುದು ತೆಂಕು ದಡದಲ್ಲಿ. ನನ್ನ ತಂಗಿ ಆಷಾಢದ ತುಂಬು ಹೊಳೆಯಲ್ಲಿ ಹರಿಗೋಲಿನೊಳಗೇ ಹೆತ್ತಳು. ಹರಿಗೋಲು ಗರಗರ ತಿರುಗುತ್ತಿತ್ತು, ಅವಳು ಕಿರುಚುತ್ತಿದ್ದಳು, ನಾನು ಅವಳ ತಲೆ ಹಿಡಿದುಕೊಂಡು ಇದ್ದಬದ್ದ ದೇವರನ್ನೆಲ್ಲ ಕೂಗುತ್ತಿದ್ದೆ. ಅವತ್ತು ಯಾರಾದರೂ ‘ನೆರಳು ಬೇಕೋ ಸೇತುವೆ ಬೇಕೋ’ ಎಂದು ಕೇಳಿದ್ದರೆ ಸೇತುವೆ ಎಂದೇ ಹೇಳುತ್ತಿದ್ದೆ. ಈ ಕಥೆಯಲ್ಲಿ ನಾನು ಸೇತುವೆಯ ವಿರೋಧಿ ಎಂದು ಯಾರೂ ತಿಳಿಯಬಾರದು.

ಇನ್ನು ಸೇತುವೆಯನ್ನು ಕೆಡವಿದವರು ಯಾರು ಎನ್ನುವ ವಿಷಯ. ಶಾಲೆಯಲ್ಲಿ ಹೇಳಿಕೊಡುವುದು ಶತ್ರುಗಳು ಎಂದು. ಶತ್ರುಗಳು ನಮ್ಮೂರಿಗೆ ಬರಲೇ ಇಲ್ಲ. ಬರುವ ದಾರಿಯಲ್ಲಿ ನಮ್ಮೂರು ಇರಲೂ ಇಲ್ಲ. ಇಂಥದೊಂದು ಊರಿದೆ ಎಂದೇ ಅವರಿಗೆ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಆ ಅವಮಾನವನ್ನು ಕೆಲವರು ಇನ್ನೂ ಮರೆತಿಲ್ಲ. ಆದರೆ ಬಂದೇ ಬಿಡುತ್ತಾರೆ ಎಂದು ಹೆದರಿ, ಬಂದರೆ ದಾಟಬಾರದೆಂದು, ನಮ್ಮ ಸೈನ್ಯವೇ ಸೇತುವೆಗೆ ಮದ್ದು ಇಟ್ಟಿತು. ಊರಿನವರೆಲ್ಲ ಕಣ್ಣಾರೆ ನೋಡಿದ್ದಾರೆ. ನೋಡಿದವರೇ ಶಾಲೆಯ ಪರೀಕ್ಷೆಯಲ್ಲಿ ಮಕ್ಕಳಿಗೆ ‘ಶತ್ರುಗಳು ಅಂತ ಬರಿ, ಇಲ್ದಿದ್ರೆ ಸೊನ್ನೆ ಬರುತ್ತೆ’ ಎಂದು ಹೇಳಿಕೊಟ್ಟಿದ್ದಾರೆ.

ಸೇತುವೆ ಬಿದ್ದಾಗ ಅದರ ಮೇಲೆ ಒಬ್ಬರೇ ಒಬ್ಬರು ಇದ್ದರು: ನನ್ನ ಸೋದರತ್ತೆ ತಿಮ್ಮಾಜಮ್ಮನ ಗಂಡ, ಮುದ್ದಯ್ಯ ಮಾವ. ಸೇತುವೆಯ ನಡುಮಧ್ಯದಲ್ಲಿ ಗೋಣಿತಾಟು ಹಾಸಿಕೊಂಡು ಕೊಡೆ ರಿಪೇರಿ ಮಾಡುತ್ತಿದ್ದರು. ಹೊಲಿದಾದ ಮೇಲೆ ಎದ್ದು ನಿಂತು, ಕೊಡೆ ಬಿಚ್ಚಿ, ಸೂರ್ಯನಿಗೆ ಹಿಡಿದು, ಎಲ್ಲಾದರೂ ಬೆಳಕು ತೂರುತ್ತದೆಯೇ ಎಂದು ಒಳಗಿನಿಂದ ಹುಡುಕುವುದು ಅವರ ಪದ್ಧತಿ. ಸಣ್ಣ ತೂತೊಂದು ಸಿಕ್ಕೇ ಸಿಗುತ್ತಿತ್ತು. ಆಗ ಗಿರಾಕಿಗೆ, ‘ಇನ್ನೂ ಆಗಿಲ್ಲ, ನಾಳೆ ಬನ್ನಿ’ ಎನ್ನುತ್ತಿದ್ದರು. ಊರಿನ ಅರ್ಧ ಜನ ಮಳೆಗಾಲವಿಡೀ ‘ನಾಳೆ’ಯಲ್ಲೇ ನೆನೆದಿದ್ದಾರೆ. ಅವತ್ತು ಮಾವನ ಕೈಯಲ್ಲಿದ್ದದ್ದು ಹೆಡ್‌ಮೇಷ್ಟ್ರು ವೃಷಭೇಂದ್ರಯ್ಯನವರ ಕೊಡೆ. ಆಮೇಲೇನಾಯಿತೆಂದು ಹತ್ತಿರದಿಂದ ನೋಡಿದವಳು ಬುತ್ತಿ ತಂದಿದ್ದ ಅತ್ತೆ. ಅವಳನ್ನು ಸೇತುವೆಯ ತುದಿಯಲ್ಲೇ ಹಗ್ಗ ಕಟ್ಟಿ ತಡೆದಿದ್ದರು.

ಸೇತುವೆಯ ನೆರಳಿನ ಜೊತೆಗೆ ಮಾವನ ನೆರಳೂ ಉಳಿದುಕೊಂಡಿತು. ಬೆಳಗಿನ ಬಿಸಿಲಿನಲ್ಲಿ ನೆರಳಿನ ಪಶ್ಚಿಮದ ಅಂಚಿನಿಂದ ಹೊರಕ್ಕೆ, ಕೊಡೆ ಎತ್ತಿ ಹಿಡಿದ ಗಂಡಸಿನ ನೆರಳು ನೀರಿನ ಮೇಲೆ ಚಾಚಿಕೊಳ್ಳುತ್ತಿತ್ತು. ಕೊಡೆಯ ದುಂಡು ನೆರಳಿನಲ್ಲಿ ಹುಣಿಸೆಬೀಜದಷ್ಟು ಒಂದು ಬೆಳಕಿನ ಚುಕ್ಕೆ. ಮಾವ ಹುಡುಕುತ್ತಿದ್ದ ತೂತು ಅದೇ. ಅತ್ತೆ ದಿನಾ ಬೆಳಿಗ್ಗೆ ಮೊರ ಹಿಡಿದುಕೊಂಡು ಹೋಗಿ ಆ ದುಂಡು ನೆರಳಿನಲ್ಲಿ ಕಾಲು ಚಾಚಿ ಕೂತು ಅಕ್ಕಿ ಆರಿಸುತ್ತಿದ್ದಳು. ಸಿಕ್ಕಿದ ಕಲ್ಲು, ನೆಲ್ಲುಗಳನ್ನು ಆ ತೂತಿನೊಳಗೆ ಹಾಕುತ್ತಿದ್ದಳು. ಅಲ್ಲಿ ನೆರಳಿಲ್ಲವಾದ್ದರಿಂದ ಅವು ನೇರ ನೀರಿಗೆ ಹೋಗುತ್ತಿದ್ದವು. ಅಕ್ಕಿಯ ಬೆಲೆ, ನನ್ನ ಕಾಫಿಯ ರುಚಿ, ನೆರೆಮನೆಯವಳ ಹೊಸ ಸೀರೆ, ಎಲ್ಲವನ್ನೂ ಮಾವನಿಗೆ ವರದಿ ಮಾಡುತ್ತಿದ್ದಳು. ‘ಅತ್ತೆ, ಅವ್ರಿಗೆ ಕೇಳ್ಸುತ್ತಾ?’ ಎಂದು ಒಮ್ಮೆ ಕೇಳಿದ್ದಕ್ಕೆ, ‘ಇದ್ದಾಗ್ಲೂ ಇಷ್ಟೇ ಕೇಳಿಸ್ತಿತ್ತು’ ಎಂದಳು.

ಯುದ್ಧ ಮುಗಿದು, ಯಾರು ಗೆದ್ದರೆಂದು ರಾಜಧಾನಿಯವರು ತೀರ್ಮಾನಿಸಿದ ಮೇಲೆ, ಸೇತುವೆ ಪುನರ್ನಿರ್ಮಾಣ ಸಮಿತಿ ಎಂಬುದೊಂದು ಹುಟ್ಟಿತು. ಅಷ್ಟರಲ್ಲಿ ನಿವೃತ್ತರಾಗಿದ್ದ ವೃಷಭೇಂದ್ರಯ್ಯ ಮೇಷ್ಟ್ರೇ ಅದರ ಅಧ್ಯಕ್ಷರು. ಮೊದಲ ಸಭೆಯಲ್ಲೇ ಅವರು ಮೇಜು ಗುದ್ದಿ, ‘ಸೇತುವೆಯನ್ನು ಇದ್ದ ಹಾಗೇ ಕಟ್ಟುತ್ತೇವೆ’ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಊರಿನಲ್ಲಿ ‘ಇದ್ದ ಹಾಗೇ’ ಎನ್ನುವುದು ಒಂದು ಮಂತ್ರವಾಯಿತು. ಹಳೇ ಸೇತುವೆಯಲ್ಲಿ ಒಂದು ಮೆಟ್ಟಿಲು ಸೊಟ್ಟಗಿತ್ತು, ಎಲ್ಲರೂ ಅಲ್ಲಿ ಎಡವುತ್ತಿದ್ದರು. ಅದನ್ನು ಸೊಟ್ಟಗೇ ಮಾಡಿಸಬೇಕೆಂದು ಠರಾವಾಯಿತು. ಎರಡನೆಯ ಕಂಬದ ಮೇಲೆ ತಲೆತಲಾಂತರದಿಂದ ಎಲೆಅಡಿಕೆ ಉಗಿದು ಬಂದಿದ್ದ ಕೆಂಪು ಕಲೆಯ ಬಗ್ಗೆ ಭಾರೀ ಚರ್ಚೆ ನಡೆಯಿತು. ಬಣ್ಣ ಹಚ್ಚಬೇಕೆಂದು ಒಂದು ಪಕ್ಷ, ಸಾರ್ವಜನಿಕರೇ ಕ್ರಮೇಣ ಪೂರೈಸಿಕೊಳ್ಳುತ್ತಾರೆಂದು ಇನ್ನೊಂದು ಪಕ್ಷ. ಎರಡನೆಯ ಪಕ್ಷ ಗೆದ್ದಿತು, ಅವರು ಹೇಳಿದ ಹಾಗೆಯೇ ಆಯಿತು ಕೂಡ.

ಕೆಲಸ ತೆಂಕು ದಡದಿಂದ ಶುರುವಾಯಿತು. ಮೊದಲ ಕಮಾನು ಎದ್ದ ದಿನವೇ ಒಂದು ಸಂಗತಿ ಗೊತ್ತಾಯಿತು. ಹೊಸ ಕಮಾನಿಗೂ ನೆರಳಿತ್ತು, ಆದರೆ ಅದು ಬರೀ ನೆರಳು. ಅಭ್ಯಾಸಬಲದಿಂದ ಕಾಲಿಟ್ಟ ಅಂಚೆಯವನು ಕಾಗದಪತ್ರಗಳ ಸಮೇತ ನೀರಿಗೆ ಹೋದ. ಮೇಲೆ ಎಷ್ಟು ಕಟ್ಟುತ್ತಾರೋ ಕೆಳಗೆ ಹಳೇ ನೆರಳು ಅಷ್ಟು ಅಳಿಯುತ್ತಿತ್ತು. ಯಾರಿಗೂ ಬೇಸರವೇನಾಗಲಿಲ್ಲ, ಸೇತುವೆಯೇ ಬಂದ ಮೇಲೆ ನೆರಳು ಯಾಕೆ? ಅತ್ತೆ ಮಾತ್ರ ಮೊರ ತೊಡೆಯ ಮೇಲಿಟ್ಟುಕೊಂಡು, ಕಮಾನಿನಿಂದ ಕಮಾನಿಗೆ ಹತ್ತಿರವಾಗುತ್ತಿದ್ದ ಗಾರೆಯವರನ್ನು ನೋಡುತ್ತ ಕೂತಿರುತ್ತಿದ್ದಳು. ‘ಚಿಕ್ಕತಾಯಿ, ನಡುವಿನ ಕಮಾನು ಎದ್ದ ದಿನ ಇವ್ರು ಹೋಗ್ತಾರೆ ಕಣೇ’ ಎಂದಳು ನನಗೆ. ನಾನು ಕಾಫಿ ಕೊಟ್ಟೆ. ಕುಡಿಯಲಿಲ್ಲ.

ಮಾರನೆಯ ದಿನ ಅತ್ತೆ ಸಮಿತಿಯ ಕಚೇರಿಗೆ ಹೋಗಿ, ಬಾಗಿಲಲ್ಲೇ ನಿಂತು, ‘ಇದ್ದ ಹಾಗೇ ಕಟ್ತೀವಿ ಅಂದ್ರಲ್ಲ ಮೇಷ್ಟ್ರೇ, ನಮ್ಮೆಜಮಾನ್ರೂ ಇದ್ರಲ್ಲ?’ ಎಂದು ಕೇಳಿ ಬಂದಳಂತೆ. ಇಷ್ಟೇ ಮಾತು. ಸಮಿತಿ ಸಂಜೆಯವರೆಗೆ ಯೋಚಿಸಿತು. ಸೊಟ್ಟ ಮೆಟ್ಟಿಲಿಗೆ ಒಪ್ಪಿದ ಮೇಲೆ ಮನುಷ್ಯನಿಗೆ ಇಲ್ಲವೆನ್ನುವುದು ಹೇಗೆ? ಒಬ್ಬರು ಪ್ರತಿಮೆ ಎಂದರು, ಇನ್ನೊಬ್ಬರು ಸಂಬಳ ಕೊಟ್ಟು ಯಾರನ್ನಾದರೂ ಕೊಡೆ ಹಿಡಿದು ನಿಲ್ಲಿಸೋಣವೆಂದರು, ಆ ಕೆಲಸಕ್ಕೆ ತಮ್ಮ ಭಾವಮೈದುನನ ಹೆಸರನ್ನೂ ಸೂಚಿಸಿದರು. ಕೊನೆಗೆ ಮರುದಿನ ಬೆಳಿಗ್ಗೆ ಎಲ್ಲರೂ ಸೊಂಟಕ್ಕೆ ಬುರುಡೆ ಕಟ್ಟಿಕೊಂಡು, ಅತ್ತೆ ಕೂರುವ ಜಾಗಕ್ಕೇ ಹೊರಟರು. ಹೊಳೆಯ ನಡುವೆ ಸಭೆ ಸೇರಿದ್ದು ಅದೇ ಮೊದಲು, ಹಾಗಾಗಿ ನಾನೂ ಕಾಫಿ ಕೆಟಲು ಹಿಡಿದುಕೊಂಡು ಹಿಂದೆ ಹೋದೆ.

ಅತ್ತೆ ಅಕ್ಕಿ ಆರಿಸುತ್ತಿದ್ದಳು. ಮೇಷ್ಟ್ರು ಕೊಡೆಯ ನೆರಳಿನ ಮೇಲೆ ಕಾಲಿಡದ ಹಾಗೆ ಜಾಗ್ರತೆಯಿಂದ ಅಂಚಿನಲ್ಲೇ ನಿಂತರು. ಅದು ಅವರದೇ ಕೊಡೆಯೆಂದು ಅವರಿಗೂ ಗೊತ್ತು, ನಮಗೂ ಗೊತ್ತು.

‘ತಿಮ್ಮಾಜಮ್ಮನವರೇ, ಸಮಿತಿ ಒಂದು ತೀರ್ಮಾನಕ್ಕೆ ಬಂದಿದೆ. ಸೇತುವೆ ಮೇಲೆ ಕಲ್ಲಿನ ಫಲಕ ಹಾಕಿಸ್ತೀವಿ. ಅದರಲ್ಲಿ ಮುದ್ದಯ್ಯನವರ ಹೆಸರು ಬರುತ್ತೆ. ವೀರ ಮುದ್ದಯ್ಯ ಅಂತಲೇ ಕೆತ್ತಿಸ್ತೀವಿ.’

‘ಅವ್ರು ವೀರ ಅಲ್ಲ ಮೇಷ್ಟ್ರೇ, ಕೊಡೆ ರಿಪೇರಿಯೋರು.’

‘ಅದು ಗೌರವಕ್ಕೆ ಹಾಕೋದಮ್ಮ.’

‘ಮೇಲೆ ಏನಂತ ಬರೀತೀರಿ?’

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ಓದಿದರು. ‘ಶತ್ರುಗಳ ದಾಳಿಯಲ್ಲಿ ನಾಶವಾದ ಈ ಐತಿಹಾಸಿಕ ಸೇತುವೆಯನ್ನು ಇದ್ದ ಹಾಗೇ ಪುನರ್ನಿರ್ಮಿಸಲಾಗಿದೆ.’

ಅತ್ತೆ ಒಂದು ಕಲ್ಲು ಆರಿಸಿ ತೂತಿನೊಳಗೆ ಹಾಕಿದಳು. ‘ಇದ್ದ ಹಾಗೇ ಕಟ್ಟೋಕ್ಕೆ ಬರುತ್ತೆ, ಇದ್ದ ಹಾಗೇ ಬರೆಯೋಕ್ಕೆ ಬರಲ್ವಾ? ನೀವು ಮೇಷ್ಟ್ರು. ಅವರು ಹೋಗೋದೇ ಸೈ ಅಂದ್ರೆ ಹೋಗ್ಲಿ. ನನ್ನ ತಂಗಿ ಮಗ್ಳು ಹರಿಗೋಲಲ್ಲಿ ಹೆತ್ತೋಳು, ಸೇತುವೆ ಬೇಡ ಅಂತ ನಾನು ಹ್ಯಾಗನ್ಲಿ? ಆದ್ರೆ ಹೋದ್ಮೇಲೂ ಅವ್ರ ಹೆಸರಲ್ಲಿ ಸುಳ್ಳು ಯಾಕೆ?’ ನನ್ನ ತಂಗಿ ಅವಳಿಗೆ ತಂಗಿಯ ಮಗಳಲ್ಲ, ಅಣ್ಣನ ಮಗಳು; ಸಿಟ್ಟಿನಲ್ಲಿ ಅತ್ತೆಗೆ ಸಂಬಂಧಗಳು ತಪ್ಪುತ್ತವೆ. ಇಷ್ಟು ಹೇಳಿ, ಮೇಷ್ಟ್ರ ಉತ್ತರಕ್ಕೂ ಕಾಯದೆ ಅವಳು ಆಕಾಶ ನೋಡಿ, ಮೊರ ಎತ್ತಿಕೊಂಡು ದಡದ ಕಡೆ ಬಿರಬಿರನೆ ನಡೆದಳು. ನಾನೂ ಹಿಂದೆಯೇ ನಡೆದೆ. ಮೇಷ್ಟ್ರಿಗೆ ಅವಮಾನವಾಯಿತು. ‘ರಾಷ್ಟ್ರದ ಇತಿಹಾಸ ಎನ್ನುವುದು ಒಬ್ಬ ವ್ಯಕ್ತಿಗೆ ಸೇರಿದ್ದಲ್ಲ’ ಎಂದು ಅವಳ ಬೆನ್ನಿಗೆ ಭಾಷಣ ಶುರುಮಾಡಿದರು. ಸದಸ್ಯರು ತಲೆಯಾಡಿಸುತ್ತ ನಿಂತರು. ಅಷ್ಟರಲ್ಲಿ ಮೋಡ ಬಂತು.

ತೇಲಿಕೊಂಡು ದಡಕ್ಕೆ ಬಂದ ಸಮಿತಿಗೆ ಬುದ್ಧಿಯೂ ಬಂದಿತ್ತು. ಮಳೆಗಾಲ ಹಿಡಿಯುವವರೆಗೆ ಕೆಲಸ ನಿಲ್ಲಿಸಿದರು. ಆಮೇಲೆ, ಸೂರ್ಯನೇ ಇಲ್ಲದ ದಿನಗಳಲ್ಲಿ, ನೆರಳೂ ಇಲ್ಲ, ಅದರಲ್ಲಿ ಕೂರುವ ಮುದುಕಿಯೂ ಇಲ್ಲ ಎನ್ನುವ ಹೊತ್ತಿನಲ್ಲಿ, ನಡುವಿನ ಕಮಾನನ್ನೂ ಉಳಿದವನ್ನೂ ಎಬ್ಬಿಸಿ ಮುಗಿಸಿದರು. ಸುತ್ತಿಗೆಯ ಸದ್ದು ಕೇಳುತ್ತಿದ್ದಷ್ಟು ದಿನವೂ ಅತ್ತೆ ಮನೆಯಿಂದ ಹೊರಗೆ ಬರಲಿಲ್ಲ. ಅಕ್ಕಿ ಆರಿಸುವುದನ್ನೂ ಬಿಟ್ಟಳು. ಊಟದಲ್ಲಿ ಕಲ್ಲು ಸಿಗುತ್ತಿತ್ತು, ನಾವು ಮಾತಾಡದೆ ಉಗಿದು ಉಣ್ಣುತ್ತಿದ್ದೆವು. ಸೇತುವೆ ಬಿದ್ದ ವರ್ಷ ಅವಳು ಅತ್ತದ್ದನ್ನು ನಾನು ನೋಡಿಲ್ಲ. ಈ ಸಲ ಅತ್ತಳು. ‘ಆವಾಗ ಹೋದ್ರು ಅಂತ ನಂಗೆ ಅನ್ನಿಸ್ಲೇ ಇಲ್ಲ ಕಣೇ, ಈವಾಗ ಹೋದ್ರು’ ಎಂದಳು. ನನಗೂ ಅಳು ತಡೆಯಲಾಗಲಿಲ್ಲ.

ಉದ್ಘಾಟನೆಗೆ ರಾಜಧಾನಿಯಿಂದ ಮಂತ್ರಿಗಳು ಬಂದರು. ಆವತ್ತೂ ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಆದರೆ ಯಾರಾದರೂ ಕಪ್ಪು ಬಾವುಟ ತೋರಿಸಿಬಿಟ್ಟರೆ ಎಂಬ ಭಯಕ್ಕೆ ಪೊಲೀಸರು ಸೇತುವೆಯ ಎರಡೂ ತುದಿಯಲ್ಲಿ ನಿಂತು ಎಲ್ಲರ ಕಪ್ಪು ಕೊಡೆಗಳನ್ನು ಕಿತ್ತಿಟ್ಟುಕೊಂಡಿದ್ದರು. ಬೇರೆ ಬಣ್ಣದ ಕೊಡೆ ನಮ್ಮೂರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಹೀಗಾಗಿ ಊರೆಲ್ಲ ನೆನೆಯುತ್ತ ದೇಶಭಕ್ತಿಗೀತೆ ಕೇಳಿತು. ಅತ್ತೆ ಬರುವುದಿಲ್ಲವೆಂದಿದ್ದಳು, ಕೊನೆ ಗಳಿಗೆಯಲ್ಲಿ ಹೊಸ ಸೀರೆ ಉಟ್ಟು ಬಂದಳು. ‘ಅವ್ರು ನಿಂತಿದ್ದ ಜಾಗ ಒಂದ್ಸಲ ನೋಡ್ಕೊಂಡು ಬರ್ತೀನಿ’ ಎಂದಳು. ಆ ಜಾಗದಲ್ಲೇ, ನಡುಮಧ್ಯದಲ್ಲಿ, ಮಂತ್ರಿಗಳ ವೇದಿಕೆ ಹಾಕಿದ್ದರು. ಪಕ್ಕದಲ್ಲಿ ಫಲಕ, ಅದರ ಮೇಲೆ ರೇಷ್ಮೆಯ ಪರದೆ.

ಮಂತ್ರಿಗಳು ಶತ್ರುಗಳ ಕ್ರೌರ್ಯದ ಬಗ್ಗೆ ಮಾತಾಡುತ್ತಿದ್ದಾಗ ಮೋಡ ಸರಿದು ಬಿಸಿಲು ಬಂತು. ಜನ ಭಾಷಣ ಬಿಟ್ಟು ಪಶ್ಚಿಮದ ತಡೆಗೋಡೆಗೆ ಮುಗಿಬಿದ್ದರು. ಹೊಸ ಸೇತುವೆಯ ನೆರಳು ನೀರಿನ ಮೇಲೆ ಸೊಗಸಾಗಿ ಬಿದ್ದಿತ್ತು, ಅದರಂಚಿಗೆ ಸಾಲಾಗಿ ನಮ್ಮೆಲ್ಲರ ತಲೆಗಳ ನೆರಳು. ಮಕ್ಕಳು ಕೈ ಬೀಸಿದರು, ನೆರಳುಗಳೂ ಬೀಸಿದವು. ಮಂತ್ರಿಗಳಿಗೂ ಇದು ಇಷ್ಟವಾಯಿತು. ಹಾರದ ಸಮೇತ ತಮ್ಮ ನೆರಳು ಹೊಳೆಯ ಮೇಲೆ ಬಿದ್ದಿರುವ ಫೋಟೋ ಪತ್ರಿಕೆಯಲ್ಲಿ ಬಂದರೆ ಚೆನ್ನ ಎಂದು ಫೋಟೋದವನನ್ನು ಕರೆದು, ಗೋಡೆಯ ಬಳಿ ನಿಂತು ಕೈ ಎತ್ತಿದರು. ಆಗ ಅವರ ಮುಖ ಕೆಟ್ಟಿತು. ಅವರ ನೆರಳಿನ ತಲೆಯನ್ನು ಒಂದು ಕೊಡೆಯ ನೆರಳು ಪೂರಾ ನುಂಗಿತ್ತು.

‘ಯಾರ್ರೀ ಅದು ಕೊಡೆ?’ ಎಂದು ಮೈಕಿನಲ್ಲೇ ಗದರಿದರು.

ಪೊಲೀಸರು ಸೇತುವೆಯ ಮೇಲೆಲ್ಲ ಹುಡುಕಿದರು. ಒಂದು ಕೊಡೆಯೂ ಇಲ್ಲ. ಕೆಳಗೆ ನೀರಿನ ಮೇಲೆ ಕೊಡೆ ಹಾಗೇ ಇತ್ತು, ಅದನ್ನು ಎತ್ತಿ ಹಿಡಿದ ಗಂಡಸೂ ಹಾಗೇ ಇದ್ದ. ಕೊಡೆಯ ದುಂಡಿನಲ್ಲಿ ಹುಣಿಸೆಬೀಜದಷ್ಟು ಬೆಳಕಿನ ಚುಕ್ಕೆ. ಅತ್ತೆ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು. ಅವಳದೋ ನನ್ನದೋ ನೋಡಿಕೊಳ್ಳಲಿಲ್ಲ.

‘ಕೇಳ್ತಿರೋದು ಕೇಳಿಸ್ಲಿಲ್ವಾ? ಆ ಕೊಡೆ ಯಾರದು?’

ವೃಷಭೇಂದ್ರಯ್ಯ ಮೇಷ್ಟ್ರು ಜೀವಮಾನವಿಡೀ ಪ್ರಶ್ನೆಗೆ ಉತ್ತರ ಹೇಳಿಸಿದವರು. ಕೇಳಿದ ಕೂಡಲೇ ಬಾಯಿಗೆ ಬಂದುಬಿಟ್ಟಿತು. ‘ನಂದು ಸ್ವಾಮಿ’ ಎಂದರು. ಹೇಳಿದ ಮೇಲೆ ಗಾಬರಿಯಾಗಿ, ‘ರಿಪೇರಿಗೆ ಕೊಟ್ಟಿದ್ದೆ’ ಎಂದು ಸೇರಿಸಿದರು.

‘ಹಂಗಾದ್ರೆ ಹಿಡ್ಕೊಂಡಿರೋನಿಗೆ ಪಕ್ಕಕ್ಕೆ ಸರಿ ಅಂತ ಹೇಳ್ರಿ!’

‘ಸರಿಯೋದಿಲ್ಲ ಸ್ವಾಮಿ’ ಎಂದಳು ಅತ್ತೆ. ಮೈಕು ಹತ್ತಿರವೇ ಇತ್ತು, ಎರಡೂ ದಡಕ್ಕೆ ಕೇಳಿಸಿತು. ‘ಅವತ್ತೂ ಹಿಂಗೇ ಅಂದ್ರು. ಮದ್ದು ಇಟ್ಟಾಗಿದೆ, ಸರಿ ಸರಿ ಅಂದ್ರು. ಒಂದು ತೂತಿದೆ, ನೋಡ್ಬಿಟ್ಟು ಬರ್ತೀನಿ ಅಂದ್ರು ಇವ್ರು. ಕಾಯ್ಲಿಲ್ಲ.’

‘ಯಾರಮ್ಮ ಕಾಯ್ಲಿಲ್ಲ? ಶತ್ರುಗಳಾ?’

‘ಇಲ್ಲ ಸ್ವಾಮಿ. ನಮ್ಮೋರೇ.’

ಸೇತುವೆಯ ಮೇಲೆ ಊರಿಗೆ ಊರೇ ಇತ್ತು. ಇಲ್ಲವೆಂದು ಹೇಳುವವರು ಒಬ್ಬರೂ ಇರಲಿಲ್ಲ. ಎಲ್ಲರೂ ಮೌನವಾದದ್ದು ನೋಡಿ ಕಾರ್ಯಕ್ರಮ ಮುಗಿಯಿತೆಂದು ತಿಳಿದ ಬ್ಯಾಂಡಿನವರು ರಾಷ್ಟ್ರಗೀತೆ ನುಡಿಸಿಬಿಟ್ಟರು. ಮಂತ್ರಿಗಳು ನೆಟ್ಟಗೆ ನಿಲ್ಲಬೇಕಾಯಿತು. ಅದು ಮುಗಿದ ಕೂಡಲೇ ಕಾರು ಹತ್ತಿ ಹೊರಟುಹೋದರು, ಪರದೆ ಎಳೆಯುವುದು ಯಾರಿಗೂ ನೆನಪಾಗಲಿಲ್ಲ. ಅತ್ತೆ ನಡೆದುಹೋಗಿ ಮಂತ್ರಿಗಳು ಬಿಟ್ಟ ಜಾಗದಲ್ಲಿ ನಿಂತಳು. ಕೆಳಗೆ ಅವಳ ನೆರಳು ಕೊಡೆಯೊಳಗೆ ಸೇರಿಕೊಂಡಿತು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಒದ್ದೆ ಕೋಟಿನಲ್ಲಿ ಒಬ್ಬರೇ ನಿಂತಿದ್ದ ಮೇಷ್ಟ್ರ ಕಡೆ ತಿರುಗಿ, ‘ಮೇಷ್ಟ್ರೇ, ನಿಮ್ಮ ಕೊಡೆ ಇನ್ನೂ ಆಗಿಲ್ಲ. ನಾಳೆ ಬನ್ನಿ’ ಎಂದಳು.

ಮೇಷ್ಟ್ರು ಮಾರನೆಯ ದಿನ ಬಂದರು. ಜೊತೆಗೆ ಕಲ್ಲುಕುಟಿಗನನ್ನೂ ಕರೆತಂದಿದ್ದರು. ಪರದೆಯ ಹಿಂದೆ ಕೂತು ಫಲಕದ ಮೊದಲ ಪದವನ್ನು ಕೆತ್ತಿ ತೆಗೆಸಿದರು. ಬೇರೆ ಪದ ಹಾಕಿಸುವಷ್ಟು ಧೈರ್ಯ ಬರಲಿಲ್ಲ, ಪಾಪ. ಒಂದೇ ದಿನದಲ್ಲಿ ಎಷ್ಟು ಅಂತ ಬರುತ್ತದೆ? ಈಗ ಫಲಕದಲ್ಲಿ ಮೊದಲು ಒಂದಿಷ್ಟು ಖಾಲಿ ಜಾಗ, ಆಮೇಲೆ ‘ದಾಳಿಯಲ್ಲಿ ನಾಶವಾದ ಈ ಐತಿಹಾಸಿಕ ಸೇತುವೆಯನ್ನು’ ಎಂದು ಶುರುವಾಗುತ್ತದೆ. ನಾನು ನನ್ನ ಗಾಡಿಯ ಗಾಲಿ ಬಿಚ್ಚಿಸಿ ಅದರ ಪಕ್ಕದಲ್ಲೇ ಅಂಗಡಿ ಇಟ್ಟಿದ್ದೇನೆ. ಅತ್ತೆ ಅಲ್ಲೇ ಕೂತು ಅಕ್ಕಿ ಆರಿಸುತ್ತಾಳೆ, ಕಲ್ಲು ಸಿಕ್ಕರೆ ಕೆಳಗೆ ತೂತಿಗೆ ಗುರಿಯಿಟ್ಟು ಎಸೆಯುತ್ತಾಳೆ. ಪರ ಊರಿನವರು ಫಲಕ ಓದಿ, ‘ಇಲ್ಲಿ ಏನಿತ್ತು?’ ಎಂದು ಕೇಳುತ್ತಾರೆ. ಬಿಸಿಲಿದ್ದರೆ ನೀರಿನ ಕಡೆ ಕೈ ತೋರಿಸುತ್ತೇನೆ. ಮೋಡವಿದ್ದರೆ, ಕೂತ್ಕೊಳ್ಳಿ, ಇನ್ನೊಂದು ಕಾಫಿ ಕುಡೀರಿ, ಬಿಸಿಲು ಬರಲಿ ಎನ್ನುತ್ತೇನೆ.